ಅವಳು ಯಾಕೆ ಅತ್ತಳು?

ಸಲಹೆ ಕೇಳಿ ಓದುಗರು ಬರೆದ ಮದುವೆಯ ಗೊಂದಲ, ಆಸ್ತಿ ಪಾಲು, ಸೊಸೆಯ ಮುನಿಸು ಎಲ್ಲವೂ ಮುಂದಿನ ವಾರಕ್ಕೆ. ಈ ವಾರದ ಇಡೀ ಜಾಗವನ್ನು ಶಿರಸಿಯ ಒಬ್ಬ ಹುಡುಗಿಗೆ ಕೊಡುತ್ತಿದ್ದೇನೆ. ನಾಲ್ಕು ಪುಟದ ಅವಳ ಪತ್ರ ಬಂದ ದಿನದಿಂದ ನನ್ನ ಮೇಜಿನ ಮೇಲೆಯೇ ಇದೆ. ಎತ್ತಿಡಲು ಮನಸ್ಸಾಗಲಿಲ್ಲ.

ಪತ್ರದ ಸಾರ ಇಷ್ಟು. ವಯಸ್ಸು ಇಪ್ಪತ್ತು, ಬಿ.ಕಾಂ. ಎರಡನೆಯ ವರ್ಷ. ಹೈಸ್ಕೂಲಿನಿಂದಲೂ ಖೋ ಖೋ ಆಡುತ್ತಾಳೆ. ಬೆನ್ನಟ್ಟುವುದರಲ್ಲಿ ಕಾಲೇಜಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಕಂಬ ಹಿಡಿದು ಮೈ ಚೆಲ್ಲಿ ಎದುರಾಳಿಯನ್ನು ಮುಟ್ಟುವ ಪೋಲ್ ಡೈವ್ ಅವಳ ಹೆಗ್ಗಳಿಕೆ. ಈ ವರ್ಷ ತಾನೇ ನಾಯಕಿ ಎಂದು ನಂಬಿಕೊಂಡಿದ್ದಳು. ದೈಹಿಕ ಶಿಕ್ಷಣದ ಸರ್ ಇನ್ನೊಬ್ಬಳನ್ನು ಆರಿಸಿದರು, ಓಟದಲ್ಲಿ ಇವಳಿಗಿಂತ ಬಹಳ ಹಿಂದಿರುವವಳನ್ನು. ಕಾರಣ ಕೇಳಿದಾಗ ಎಲ್ಲರ ಎದುರಿನಲ್ಲೇ, "ನಿನ್ನ ಕಾಲು ಚುರುಕು. ಆದರೆ ಜನರ ಜೊತೆ ಇರುವುದು ನಿನಗೆ ಗೊತ್ತಿಲ್ಲ" ಎಂದರಂತೆ. ಆಮೇಲೆ ಧಾರವಾಡದಲ್ಲಿ ಅಂತರ ಕಾಲೇಜು ಪಂದ್ಯ, ಎರಡನೆಯ ಸುತ್ತಿನಲ್ಲೇ ಸೋಲು. ಮರಳುವ ದಾರಿಯಲ್ಲಿ ಇವಳ ಜೊತೆ ಯಾರೂ ಮಾತನಾಡಲಿಲ್ಲ. ವಾರ ಕಳೆದ ಮೇಲೆ ಗೊತ್ತಾಯಿತು, ಉಳಿದವರೆಲ್ಲ ಇವಳನ್ನು ಬಿಟ್ಟು ಬೇರೊಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದಾರೆ. ಸಾಲದ್ದಕ್ಕೆ, ಪಂದ್ಯದ ದಿನವೇ ಇದ್ದ ಕಿರುಪರೀಕ್ಷೆ ತಪ್ಪಿಹೋಗಿ ಒಬ್ಬ ಮೇಡಂ ಅಂಕ ಕೊಡಲು ಒಪ್ಪುತ್ತಿಲ್ಲ. ಕೊನೆಗೆ ಕೇಳುತ್ತಾಳೆ: "ಅಕ್ಕ, ನಾನು ತಂಡ ಬಿಡಲೇ? ಮುಂದಿನ ವರ್ಷ ಬೇರೆ ಕಾಲೇಜಿಗೆ ಹೋಗಲೇ? ಆಟಕ್ಕೆ ಬೇಕಾದದ್ದು ಆಟ. ನಯವಾಗಿ ಮಾತನಾಡುವವರು ಬೇಕಿದ್ದರೆ ಅವರನ್ನು ಚರ್ಚಾಸ್ಪರ್ಧೆಗೆ ಕಳುಹಿಸಲಿ."

ತಂಗಿ, ಈ ಕೊನೆಯ ಸಾಲಿಗೆ ತಲೆದೂಗುವವರು ಇದ್ದಾರು. ನನ್ನ ಕಣ್ಣು ನಿಂತದ್ದು ಅಲ್ಲಲ್ಲ. ಮೂರನೆಯ ಪುಟದಲ್ಲಿ, ಬಸ್ಸಿನ ಪ್ರಯಾಣವನ್ನು ವಿವರಿಸುತ್ತಾ, ಒಂದು ಮಾತನ್ನು ಕಂಸದೊಳಗೆ ಹಾಕಿ ನೀನು ಮುಂದೆ ಹೋಗಿಬಿಟ್ಟಿದ್ದೀಯ: "(ಈ ವರ್ಷ ಸೇರಿದ ಒಬ್ಬಳು ಕಲಘಟಗಿಯಿಂದ ಯಲ್ಲಾಪುರದ ತನಕ ಅಳುತ್ತಲೇ ಇದ್ದಳು, ಯಾಕೆಂದು ಗೊತ್ತಿಲ್ಲ. ಅವಳಿಗೆ ಇಡೀ ಪಂದ್ಯದಲ್ಲಿ ಸಿಕ್ಕಿದ್ದೇ ಒಂದು ಖೋ.)"

ಯಾಕೆಂದು ಗೊತ್ತಿಲ್ಲ! ಮೊದಲ ವಾಕ್ಯದಲ್ಲಿ ಪ್ರಶ್ನೆ ಇದೆ, ಎರಡನೆಯದರಲ್ಲಿ ಅದರ ಉತ್ತರ ಇದೆ. ಎರಡನ್ನೂ ಬರೆದದ್ದು ನಿನ್ನ ಕೈಯೇ. ಆದರೂ ಒಂದಕ್ಕೊಂದು ಸಂಬಂಧ ನಿನಗೆ ಕಾಣಲಿಲ್ಲ.

ಖೋ ಖೋ ಆಡದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ಹುಡುಗಿಯ ಅಳು ಅರ್ಥವಾಗಬೇಕಾದರೆ ಆಟದ ನಿಯಮ ಗೊತ್ತಿರಬೇಕು. ಬೆನ್ನಟ್ಟುವ ತಂಡದಲ್ಲಿ ಒಂಬತ್ತು ಮಂದಿ. ಎಂಟು ಮಂದಿ ಎರಡು ಕಂಬಗಳ ನಡುವಿನ ಸಾಲಿನಲ್ಲಿ, ಒಂದೊಂದು ಚೌಕದಲ್ಲಿ ಕುಳಿತಿರುತ್ತಾರೆ. ಒಬ್ಬಳ ಮುಖ ಈ ಕಡೆಗಾದರೆ ಪಕ್ಕದವಳ ಮುಖ ಆ ಕಡೆಗೆ. ಒಂಬತ್ತನೆಯವಳು ಓಡುತ್ತಾಳೆ. ಅವಳು ನಡುವಿನ ಸಾಲನ್ನು ಅಡ್ಡ ದಾಟುವಂತಿಲ್ಲ. ಒಂದು ದಿಕ್ಕು ಹಿಡಿದಳೆಂದರೆ ಕಂಬ ಸಿಗುವ ತನಕ ಹಿಂದಕ್ಕೆ ತಿರುಗುವಂತಿಲ್ಲ. ತಪ್ಪಿಸಿಕೊಳ್ಳುವ ಎದುರಾಳಿಗೋ ಈ ಯಾವ ಕಟ್ಟುಪಾಡೂ ಇಲ್ಲ, ಬೇಕಾದ ಸಂದಿಯಲ್ಲಿ ನುಸುಳಬಹುದು. ಎಂಥ ವೇಗದ ಕಾಲಾದರೂ ಒಂಟಿಯಾಗಿ ಓಡಿದರೆ ಸೋತೇ ಸೋಲಬೇಕು, ಆಟವನ್ನು ಕಟ್ಟಿರುವುದೇ ಹಾಗೆ. ಇರುವ ದಾರಿ ಒಂದೇ. ಕುಳಿತವಳ ಬೆನ್ನು ಮುಟ್ಟಿ ಗಟ್ಟಿಯಾಗಿ "ಖೋ" ಎನ್ನಬೇಕು. ಅವಳು ಎದ್ದು ಓಡುತ್ತಾಳೆ, ಕೊಟ್ಟವಳು ಅವಳ ಚೌಕದಲ್ಲಿ ಕುಳಿತುಕೊಳ್ಳುತ್ತಾಳೆ. ಖೋ ಸಿಗದೆ ತಾನಾಗಿಯೇ ಎದ್ದರೆ ಅದು ಫೌಲ್.

ಈಗ ಆ ಹೊಸ ಹುಡುಗಿಯ ಚೌಕಕ್ಕೆ ಬರೋಣ. ಒಂದು ಸರದಿಗೆ ಒಂಬತ್ತು ನಿಮಿಷ. ಪಂದ್ಯದಲ್ಲಿ ನಿಮ್ಮ ತಂಡ ಎರಡು ಸಲ ಬೆನ್ನಟ್ಟಿತು, ಅಂದರೆ ಹದಿನೆಂಟು ನಿಮಿಷ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಬೆರಳ ತುದಿ ನೆಲಕ್ಕೆ, ಕುಂಡೆ ಅರ್ಧ ಎತ್ತಿ, ಮುಖ ತನ್ನ ದಿಕ್ಕಿಗೆ, ಕಿವಿ ಮಾತ್ರ ಬೆನ್ನ ಹಿಂದೆ. ಹಿಂದಿನಿಂದ ಹೆಜ್ಜೆಯ ಸದ್ದು ಬರುತ್ತದೆ. ಬಂತು, ಈಗ ಬಂತು ಎಂದು ಮೈಯೆಲ್ಲ ಬಿಗಿಯಾಗುತ್ತದೆ. ಹೆಜ್ಜೆ ದಾಟಿ ಹೋಗುತ್ತದೆ. ಪಕ್ಕದವಳಿಗೆ ಖೋ. ಮತ್ತೆ ಹೆಜ್ಜೆ, ಮತ್ತೆ ದಾಟಿತು. ಉಳಿದವರು ಚೌಕದಿಂದ ಚೌಕಕ್ಕೆ ಬದಲಾಗುತ್ತಿದ್ದಾರೆ, ಬೆವರುತ್ತಿದ್ದಾರೆ, ಏದುಸಿರು ಬಿಡುತ್ತಿದ್ದಾರೆ. ಇವಳೊಬ್ಬಳು ನಟ್ಟ ಗೂಟದ ಹಾಗೆ ಇದ್ದಲ್ಲೇ ಇದ್ದಾಳೆ. ಏಳುವಂತಿಲ್ಲ, ಕೇಳುವಂತಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮ "ಆಡಿದೆಯಾ?" ಎಂದು ಕೇಳಿದರೆ ಏನು ಹೇಳಬೇಕು ಅವಳು?

"ಅವಳು ಏಳುವುದು ತಡ, ಅದಕ್ಕೇ ನಾನು ಕೊಡುವುದಿಲ್ಲ" ಎಂದು ಇನ್ನೊಂದು ಕಡೆ ಬರೆದಿದ್ದೀಯ. ಇದ್ದೀತು. ಹತ್ತು ಸಲ ಹೆಜ್ಜೆ ಹತ್ತಿರ ಬಂದು ದಾಟಿಹೋದ ಮೇಲೆ ಹನ್ನೊಂದನೆಯ ಸಲ ಯಾರಾದರೂ ತಡವಾಗಿಯೇ ಏಳುತ್ತಾರೆ. ಖೋ ಬಂದೇ ಬರುತ್ತದೆಂಬ ಭರವಸೆ ಇದ್ದವಳ ಹಿಮ್ಮಡಿ ಮಾತ್ರ ಮೊದಲೇ ಎದ್ದಿರುತ್ತದೆ. ಆ ಭರವಸೆಯನ್ನು ಅವಳಿಗೆ ಕೊಡಬೇಕಾದವರು ಯಾರು? ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಓಡುವವಳು, ಎಲ್ಲರಿಗಿಂತ ಹೆಚ್ಚು ಸಲ ಆ ಬೆನ್ನಿನ ಹತ್ತಿರ ಹೋಗುವವಳು ನೀನೇ.

ಅವಳ ಬಗ್ಗೆ ನಿನಗೆ ಗೊತ್ತಿರುವುದನ್ನು ಪತ್ರದಲ್ಲಿ ಹುಡುಕಿದೆ. "ಕಾರವಾರ ಕಡೆಯವಳಿರಬೇಕು, ಕೊಂಕಣಿ ಮಾತನಾಡುತ್ತಾಳೆ, ಹೆಚ್ಚು ಬೆರೆಯುವುದಿಲ್ಲ." ಇರಬೇಕು! ಮಳೆಗಾಲದಿಂದ ದೀಪಾವಳಿಯ ತನಕ ದಿನಾ ಬೆಳಿಗ್ಗೆ ಒಟ್ಟಿಗೆ ಮೈದಾನ ಸುತ್ತಿದವಳ ಊರು ಯಾವುದೆಂದು ನೀನು ಕೇಳಿಲ್ಲ. ಕಡಲ ತೀರ ಬಿಟ್ಟು ಘಟ್ಟ ಹತ್ತಿ ಬಂದು ಹಾಸ್ಟೆಲಿನಲ್ಲಿರುವ ಮಗು ಅದು. ಊರಿಗೆ ಹೋಗಬೇಕಾದರೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗಬೇಕು. ನೀನು ಸಂಜೆ ಮನೆಗೆ ಹೋಗಿ ಅಮ್ಮನ ಕೈಯ ತಂಬುಳಿ ಊಟ ಮಾಡುತ್ತೀಯ. ಅವಳಿಗೆ ಮೀನು ಸಾರಿನ ವಾಸನೆ ಸಿಗುವುದು ರಜೆಯಲ್ಲಿ ಮಾತ್ರ. ಮನೆಯಲ್ಲಿ ಕೊಂಕಣಿ, ತರಗತಿಯಲ್ಲಿ ಪುಸ್ತಕದ ಕನ್ನಡ, ಮೈದಾನದಲ್ಲಿ ನಿಮ್ಮ ಘಟ್ಟದ ಮೇಲಿನ ಕನ್ನಡ. ಅವಳು ಬೆರೆಯುವುದಿಲ್ಲ ಎಂದು ಬರೆಯುವ ಮೊದಲು ಬೆರೆಸಿಕೊಳ್ಳುವವರು ಯಾರಿದ್ದರೆಂದು ನೀನು ಯೋಚಿಸಬೇಕಿತ್ತು.

ಇಷ್ಟು ಬೈದ ಮೇಲೆ ಹೇಳುತ್ತೇನೆ, ನೀನು ಕೆಟ್ಟವಳೆಂದು ನನಗೆ ಅನ್ನಿಸಿಲ್ಲ. ಕೆಟ್ಟವಳಾಗಿದ್ದರೆ ಆ ಕಂಸವೂ ಇರುತ್ತಿರಲಿಲ್ಲ. ಸೋಲಿನ ದಿನ, ನಿನ್ನದೇ ದುಃಖದಲ್ಲಿ ಮುಳುಗಿದ್ದಾಗಲೂ, ಹಿಂದಿನ ಸೀಟಿನ ಅಳುವನ್ನು ನೀನು ಗಮನಿಸಿದ್ದೀಯ. ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದನ್ನೂ ನೆನಪಿಟ್ಟಿದ್ದೀಯ. ಎದ್ದು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುವುದೊಂದು ಬಾಕಿ ಉಳಿಯಿತು.

ನನಗೆ ನಿಜವಾಗಿ ಸಿಟ್ಟು ಬಂದಿರುವುದು ನಿನ್ನ ಸೋದರಮಾವನ ಮೇಲೆ. ಅವರನ್ನು ನೀನು ಪತ್ರದಲ್ಲಿ ಎರಡು ಸಲ ಹೊಗಳಿದ್ದೀಯ. ಪ್ರತಿ ಪಂದ್ಯಕ್ಕೂ ಬರುತ್ತಾರೆ, ಗೆರೆಯ ಪಕ್ಕ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ, "ಕೊಡಬೇಡ, ನೀನೇ ಓಡು!" ಎಂದು ಕೂಗುತ್ತಾರೆ, ರಾತ್ರಿ ಆ ವಿಡಿಯೋಗಳನ್ನು ತುಂಡು ಮಾಡಿ ಯಾರು ಎಲ್ಲಿ ತಪ್ಪಿದರೆಂದು ಬರೆದು ಕಳುಹಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅನುಮಾನವಿಲ್ಲ. ಆದರೆ ಖೋ ಖೋ ಆಡುವ ಹುಡುಗಿಗೆ "ಖೋ ಕೊಡಬೇಡ" ಎಂದು ಕಲಿಸುವ ಹಿರಿಯರಿಗೆ ಏನೆನ್ನಬೇಕು? ಓಡುವ ಕಾಲು ನಿನ್ನದು, ನಿಲ್ಲದ ಹಟ ಅವರದು. ಹೀಗೆ ಒಂದು ಮಗುವಿನ ಮೇಲೆ ತಮ್ಮ ಆಸೆಯನ್ನೆಲ್ಲ ಹೊರಿಸಿ, ಉಳಿದ ಎಂಟು ಮಕ್ಕಳನ್ನು ಅವಳಿಗೆ ಅಡ್ಡಿಯೆಂಬಂತೆ ತೋರಿಸುವ ಮಾವಂದಿರು, ಅಪ್ಪಂದಿರು ಎಲ್ಲ ಮೈದಾನದ ಅಂಚಿನಲ್ಲೂ ಇದ್ದಾರೆ. ಆಟಗಾರರನ್ನು ತಂಡದಿಂದ ಬೇರೆ ಮಾಡುವುದು ಅವರೇ.

ಆ ವಿಡಿಯೋಗಳನ್ನು "ಎಲ್ಲರಿಗೂ ಉಪಯೋಗವಾಗಲಿ ಎಂದು" ನೀನು ತಂಡದ ಗುಂಪಿಗೆ ಹಾಕಿದ್ದೀಯ. ಇದನ್ನೂ ಬೇರೆ ಏನೋ ಹೇಳುವಾಗ ಹೇಳಿಬಿಟ್ಟಿದ್ದೀಯ. ಹೊಸ ಗುಂಪು ಯಾಕೆ ಹುಟ್ಟಿತೆಂದು ಇನ್ನು ನನ್ನನ್ನು ಕೇಳಬೇಡ. ಸೋತು ಬಂದ ರಾತ್ರಿ ತಾನು ಮುಗ್ಗರಿಸಿದ ದೃಶ್ಯವನ್ನು, ಅದರ ಕೆಳಗೆ ಯಾರದೋ ಮಾವನ ಟಿಪ್ಪಣಿಯನ್ನು ನೋಡಿದ ಹುಡುಗಿಯರು ಮಾಡಿದ್ದು ನನಗೆ ಅರ್ಥವಾಗುತ್ತದೆ. ನಿನಗೆ ಹೇಳದೆ ಮಾಡಿದ್ದು ಸರಿಯಲ್ಲ. ಎಂಟು ಜನರಲ್ಲಿ ಒಬ್ಬಳಾದರೂ ಬಂದು, "ನೋಡು, ಇದರಿಂದ ನಮಗೆ ನೋವಾಯಿತು" ಎನ್ನಬಹುದಿತ್ತು.

ಸರ್‌ಗೂ ಒಂದು ಮಾತು ಇದೆ. ನಾಯಕಿಯ ಆಯ್ಕೆಯಲ್ಲಿ ಅವರು ತಪ್ಪಿಲ್ಲ. ನಾಯಕಿ ಎಂದರೆ ಎಲ್ಲರಿಗಿಂತ ವೇಗವಾಗಿ ಓಡುವವಳೆಂದು ಯಾವ ನಿಯಮದಲ್ಲೂ ಇಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಮೈದಾನ ಕೆಸರಾಗಿದ್ದಾಗ ಸಭಾಭವನದಲ್ಲಿ ಹಳೆಯ ಹಾಸಿಗೆಗಳನ್ನು ಹಾಸಿ ಪೋಲ್ ಡೈವ್ ಕಲಿಸಿದರೆಂದು ಬರೆದಿದ್ದೀಯ. ಯಾವ ಕೈಯಲ್ಲಿ ಕಂಬ ಹಿಡಿಯಬೇಕು, ಯಾವ ಕಾಲು ಊರಬೇಕು, ಎದೆ ನೆಲಕ್ಕೆ ಬಡಿಯದಂತೆ ಹೇಗೆ ಬೀಳಬೇಕು, ಎಲ್ಲವನ್ನೂ ಬಿಡಿಬಿಡಿಯಾಗಿ ತಿಂಗಳುಗಟ್ಟಲೆ ಹೇಳಿಕೊಟ್ಟರು. ಜನರ ಜೊತೆ ಇರುವುದನ್ನು ಮಾತ್ರ ಹೇಳಿಕೊಡಲಿಲ್ಲ. ಅದು ಹುಟ್ಟಿನಿಂದಲೇ ಬರಬೇಕಾದ ಗುಣವೆಂಬಂತೆ, ಇಲ್ಲದ್ದಕ್ಕೆ ಎಲ್ಲರ ಎದುರು ತೀರ್ಪು ಕೊಟ್ಟರು. ಇದೂ ಕಾಲಿನ ಕೆಲಸದಂತೆಯೇ ಕಲಿತರೆ ಬರುವಂಥದ್ದು ಸರ್, ತಪ್ಪು ಮಾಡಿ, ತಿದ್ದಿಸಿಕೊಂಡು, ಮತ್ತೆ ಮಾಡಿ. ಬಿದ್ದಾಗ ಒಂದು ಹಳೆಯ ಹಾಸಿಗೆ ಇದಕ್ಕೂ ಬೇಕು.

ನಯವಾದ ಮಾತು ನನಗೆ ಬರುವುದಿಲ್ಲ ಎನ್ನುತ್ತೀಯ. ನಯವಾದ ಮಾತನ್ನು ನಿನ್ನಿಂದ ಯಾರೂ ಕೇಳಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವಳು, ಯಕ್ಷಗಾನದ ತಾಳಮದ್ದಲೆ ಕೇಳಿಯೇ ಇರುತ್ತೀಯ. ಅಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಎದುರುಬದುರು ಕುಳಿತ ಅರ್ಥಧಾರಿಗಳು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲೇ ಪ್ರಸಂಗ ನಡೆಸಬೇಕು. ಪಾಂಡಿತ್ಯವೆಲ್ಲ ತನ್ನ ಬಾಯಲ್ಲೇ ಬರಬೇಕೆಂದು ಹಿಡಿದುಕೊಂಡವನ ಎದುರು ಎಂಥ ಪ್ರಸಂಗವೂ ಸೊರಗುತ್ತದೆ. ನಾನು ಕೇಳಿದ ಒಳ್ಳೆಯ ಅರ್ಥಧಾರಿಗಳೆಲ್ಲ ಎದುರಿನ ಪಾತ್ರಕ್ಕೆ ಮಾತು ಹುಟ್ಟುವಂತಹ ಕಡೆ ತಮ್ಮ ಮಾತನ್ನು ನಿಲ್ಲಿಸುತ್ತಿದ್ದರು. ಕೃಷ್ಣನ ಒಂದು ಪ್ರಶ್ನೆಯಿಂದ ಕೌರವ ಎದ್ದು ನಿಲ್ಲುತ್ತಿದ್ದ. ಅದೂ ಖೋ ಕೊಟ್ಟಂತೆಯೇ. ಸರ್ ನಿನ್ನಲ್ಲಿ ಕಾಣದೆ ಹೋದದ್ದು ಅದು.

ಇನ್ನು ಆ ಮೇಡಂ. ಕಿರುಪರೀಕ್ಷೆಯ ದಿನ ಪಂದ್ಯವಿದೆಯೆಂದು ಎರಡು ವಾರ ಮೊದಲೇ ಗೊತ್ತಿತ್ತು. ಸರ್ ಕೊಟ್ಟ ಪತ್ರವನ್ನು ಗೆಳತಿಯ ಕೈಯಲ್ಲಿ ಕಳುಹಿಸಿದ್ದೀಯ, ಅದೂ ಧಾರವಾಡದಿಂದ ಬಂದ ಮೇಲೆ. ನಾನು ಹನ್ನೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವಳು. ಆಟಗಾರ್ತಿಯರಲ್ಲಿ ಎರಡು ಬಗೆ ಕಂಡಿದ್ದೇನೆ. ಒಬ್ಬಳು ಪಂದ್ಯಕ್ಕೆ ಹೊರಡುವ ಹಿಂದಿನ ಸಂಜೆ ಅಡುಗೆಮನೆಗೆ ಬಂದು, "ನಾಳೆ ರಾತ್ರಿ ಹತ್ತಾಗುತ್ತದೆ ಅಕ್ಕ, ನಮಗೆ ಐದು ಜನಕ್ಕೆ ಅನ್ನ ಇಟ್ಟಿರುತ್ತೀರಾ?" ಎಂದು ಕೇಳುತ್ತಿದ್ದಳು. ಇನ್ನೊಬ್ಬಳು ರಾತ್ರಿ ಹತ್ತಕ್ಕೆ ಬಂದು ಪಾತ್ರೆ ಖಾಲಿಯೆಂದು ಜಗಳ ತೆಗೆಯುತ್ತಿದ್ದಳು. ಇಬ್ಬರ ಹಸಿವೂ ಒಂದೇ. ಮೊದಲನೆಯವಳಿಗೆ ಅಡುಗೆಯ ಅಕ್ಕ ಅನ್ನದ ಜೊತೆ ಒಂದು ಮೊಟ್ಟೆಯನ್ನೂ ಬೇಯಿಸಿಟ್ಟಿರುತ್ತಿದ್ದಳು. ಹಾಜರಾತಿ ಶೇಕಡಾ 75 ಇರಬೇಕೆಂಬ ನಿಯಮ ಆಟಗಾರರ ಕುತ್ತಿಗೆಗೆ ಯಾವಾಗಲೂ ಸುತ್ತಿಕೊಂಡಿರುತ್ತದೆ. ಅದನ್ನು ಸಡಿಲಿಸುವ ದಾರಿಗಳು ಅಧ್ಯಾಪಕರಿಗೆ ಗೊತ್ತಿವೆ. ಮೊದಲೇ ಹೋಗಿ ಎದುರು ನಿಂತು ಕೇಳಿದವರಿಗೆ ಅವು ತೆರೆಯುತ್ತವೆ. ಮೇಡಂ ಹತ್ತಿರ ನೀನೇ ಹೋಗು. ಇದಕ್ಕಿಂತ ಹೆಚ್ಚು ಹೇಳುವುದು ಇದರಲ್ಲಿ ಏನೂ ಇಲ್ಲ.

ದೇಶಕ್ಕೆ ಆಡುವ ಕನಸಿದೆ ಎಂದಿದ್ದೀಯ. ಇರಲಿ, ಇರಲೇಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರ ತಂಡವೂ ಮಹಿಳೆಯರ ತಂಡವೂ ನೇಪಾಳವನ್ನು ಸೋಲಿಸಿ ಕಪ್ ಗೆದ್ದವು. ಮಹಿಳೆಯರ ತಂಡದಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಇದ್ದರು, ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ಬೇರೆ ಬೇರೆ ರಾಜ್ಯ, ಬೇರೆ ಬೇರೆ ಭಾಷೆ, ಬೇರೆ ಬೇರೆ ಊಟದ ಹುಡುಗಿಯರು ಒಂದೇ ಸಾಲಿನಲ್ಲಿ ಬೆನ್ನಿಗೆ ಬೆನ್ನು ನಂಬಿ ಕುಳಿತಿದ್ದರು. ಅಷ್ಟು ದೂರ ಯಾಕೆ, ನಾಳೆ ನೀನು ಕರ್ನಾಟಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೂ ಧಾರವಾಡ, ಗದಗ ಕಡೆಯ ಹುಡುಗಿಯರ ಜೊತೆ ಶಿಬಿರದಲ್ಲಿರಬೇಕು. ಅಲ್ಲಿ ಮಾವನ ಕೂಗು ಕೇಳಿಸುವುದಿಲ್ಲ. ಒಂದೇ ಕೋಣೆ, ಒಂದೇ ನಲ್ಲಿ, ಹೆಸರೂ ಗೊತ್ತಿಲ್ಲದ ಬೆನ್ನುಗಳು. ಕಾರವಾರದ ಒಬ್ಬಳ ಜೊತೆ ನಾಲ್ಕು ಮಾತನಾಡಲು ಶಿರಸಿಯಲ್ಲಿ ಕಲಿಯದವಳು ಅಲ್ಲಿ ದಿಢೀರನೆ ಕಲಿಯುವುದಿಲ್ಲ. ಆಟ ಮುಗಿದ ಮೇಲೂ ಅಷ್ಟೇ. ಕಾಲಿನ ಚುರುಕು ಎಷ್ಟು ವರ್ಷ? ಆಮೇಲೆ ನೀನು ಬಿ.ಪಿ.ಎಡ್. ಮಾಡಿ ಮಕ್ಕಳಿಗೆ ಕಲಿಸುತ್ತೀಯೋ, ಕ್ರೀಡಾ ಮೀಸಲಿನಲ್ಲಿ ಪೊಲೀಸ್ ಇಲಾಖೆಗೋ ರೈಲ್ವೆಗೋ ಸೇರುತ್ತೀಯೋ, ದಿನ ಬೆಳಗಾದರೆ ಮನುಷ್ಯರ ನಡುವೆಯೇ ಕೆಲಸ.

ಬೇರೆ ಕಾಲೇಜಿಗೆ ಹೋಗಲೇ ಎಂದು ಕೇಳಿದ್ದೀಯ. ಬೇಡ. ಅಲ್ಲಿ ಹೊಸಬಳು ನೀನಾಗಿರುತ್ತೀಯ. ಖೋ ಸಿಗುತ್ತದೋ ಇಲ್ಲವೋ ಎಂದು ಚೌಕದಲ್ಲಿ ಕಿವಿಯಿಟ್ಟು ಕುಳಿತವಳು ನೀನಾಗಿರುತ್ತೀಯ. ನಿನ್ನ ವೇಗ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಾಗಬೇಕಾದರೆ ಯಾರಾದರೂ ನಿನ್ನ ಬೆನ್ನು ಮುಟ್ಟಬೇಕು.

ಈ ಅಂಕಣ ಓದುವವರಿಗೆ ನನ್ನ ಎರಡು ಹಟಗಳು ಗೊತ್ತು. ಕ್ಷಮೆಯನ್ನು ಮೊಬೈಲಿನಲ್ಲಿ ಕಳುಹಿಸಬಾರದು, ಮಧ್ಯಸ್ಥರನ್ನು ಇಟ್ಟುಕೊಳ್ಳಬಾರದು. ಗಂಡ ಹೆಂಡತಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಹೊಸ ಗುಂಪಿಗೆ ಸೇರಿಸಿಕೊಳ್ಳಿ ಎಂದು ಯಾರನ್ನೂ ಕೇಳಬೇಡ. ನಾಯಕಿಯ ಹತ್ತಿರ ಪಂಚಾಯಿತಿಗೆ ಹೋಗಬೇಡ. ಉದ್ದನೆಯ ಸಂದೇಶ ಬರೆದು ಕಣ್ಣೀರಿನ ಚಿತ್ರ ಅಂಟಿಸಬೇಡ.

ನೀನು ಮಾಡಬೇಕಾದ ಕೆಲಸ ಒಂದೇ. ಮುಂದಿನ ಅಭ್ಯಾಸದ ದಿನ ಕಾಲು ಗಂಟೆ ಮೊದಲು ಮೈದಾನಕ್ಕೆ ಹೋಗು. ಹಾಸ್ಟೆಲಿನವರು ಬೇಗ ಬಂದಿರುತ್ತಾರೆ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಕೇಳು: "ಧಾರವಾಡದಲ್ಲಿ ನಾನು ನಿನಗೆ ಖೋ ಕೊಡಲಿಲ್ಲ, ಅದು ನನ್ನ ತಪ್ಪು. ನಿನಗೆ ಯಾವ ಕಡೆ ಮುಖ ಮಾಡಿ ಕುಳಿತರೆ ಏಳುವುದು ಸುಲಭ?" ಕೇಳಿದ ಮೇಲೆ ಸುಮ್ಮನಿರು. ಅವಳು ಉತ್ತರ ಹೇಳುವ ತನಕ ನೀನು ಮಾತನಾಡಬೇಡ, ಎಷ್ಟು ಹೊತ್ತಾದರೂ ಸರಿ. ಕೊಂಕಣಿ ಬೆರೆಸಿ ಹೇಳಿದರೆ ಅರ್ಥವಾಗದ ಪದವನ್ನು ಮತ್ತೆ ಕೇಳು. ಆ ದಿನ ಮಾವ ಮೈದಾನಕ್ಕೆ ಬರುವುದು ಬೇಡ. ಬಂದರೂ ಮೊಬೈಲ್ ಜೇಬಿನಲ್ಲಿರಲಿ.

ನಿನ್ನ ಪತ್ರದಲ್ಲಿ ಸರ್ ಹೆಸರಿದೆ, ನಾಯಕಿಯ ಹೆಸರಿದೆ, ಮೇಡಂ ಹೆಸರಿದೆ, ಎದುರಾಳಿ ತಂಡದ ಇಬ್ಬರ ಹೆಸರೂ ಇದೆ. ಅತ್ತವಳ ಹೆಸರು ಎಲ್ಲಿಯೂ ಇಲ್ಲ. ನಾನು ಅಚ್ಚು ಹಾಕುವುದಿಲ್ಲ, ಆದರೂ ಕೇಳಿ ತಿಳಿದು ನನಗೆ ಬರೆದು ಕಳುಹಿಸು. ಯಾವ ಕಡೆ ಮುಖ ಮಾಡಿ ಕುಳಿತುಕೊಳ್ಳುತ್ತೇನೆಂದು ಅವಳು ಹೇಳಿದಳು, ಅದನ್ನೂ ಬರೆ.